ಮೂತ್ರಪಿಂಡ ದಾನ ಮತ್ತು ವೈದ್ಯ ವಿದ್ಯಾರ್ಥಿಗಳು



ನಿಮ್ಮಲ್ಲಿ ಕೆಲವರು ಇನ್ನೆರಡು ಮೂರು ವರ್ಷಗಳಲ್ಲಿ ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತುತ್ತೀರಿ. ಉಳಿದವರು ಎಂಜಿನಿಯರೋ, ಉಪಾಧ್ಯಾಯರೋ, ವ್ಯಾಪಾರಸ್ಥರೋ, ಬೇಸಾಯಗಾರರೋ ಆಗುತ್ತೀರಿ. ಇಂದಿನ ವಿಷಯ ಇಬ್ಬರಿಗೂ ಸೇರಿದ್ದು. ಏಕೆಂದರೆ ಮೂತ್ರಪಿಂಡ ದಾನದ ಪ್ರಶ್ನೆ ಎದುರಾಗುವ ದಿನ ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ಮೇಲೆ ಕುಳಿತವರು ಒಬ್ಬರಿರುತ್ತಾರೆ. ಬಿಳಿಯ ಕೋಟು ತೊಟ್ಟು ಅವರ ಎದುರು ನಿಂತವರು ಇನ್ನೊಬ್ಬರಿರುತ್ತಾರೆ. ಆ ಇಬ್ಬರೂ ಇವತ್ತು ನಿಮ್ಮ ತರಗತಿಯಲ್ಲೇ, ಒಂದೇ ಸಾಲಿನಲ್ಲಿ ಕುಳಿತಿರಬಹುದು.

ನಮ್ಮ ದೇಶದ ಹಲವು ವೈದ್ಯಕೀಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಕೈಗೆ ಪ್ರಶ್ನಾವಳಿ ಕೊಟ್ಟು, ಅಂಗದಾನದ ಬಗ್ಗೆ ಅವರಿಗೆ ಏನು ಗೊತ್ತಿದೆ, ಅವರ ಮನೋಭಾವ ಎಂತಹುದು ಎಂದು ತಿಳಿಯುವ ಅಧ್ಯಯನಗಳು ನಡೆದಿವೆ. ಅಂಕಿ ಅಂಶಗಳು ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತವೆ. ಚಿತ್ರ ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ. ‘ಅಂಗದಾನ ಒಳ್ಳೆಯದೇ?’ ಎಂದರೆ ಬಹುತೇಕ ಎಲ್ಲರೂ ‘ಹೌದು’ ಎನ್ನುತ್ತಾರೆ. ‘ನೀವು ದಾನ ಮಾಡಲು ಒಪ್ಪುತ್ತೀರಾ?’ ಎಂದರೆ ಒಪ್ಪುವವರ ಸಂಖ್ಯೆ ಸ್ವಲ್ಪ ಇಳಿಯುತ್ತದೆ. ‘ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದ್ದೀರಾ?’ ಎಂದಾಗ ಕೈ ಎತ್ತುವವರು ಬೆರಳೆಣಿಕೆಯಷ್ಟು ಮಂದಿ. ಇದರಲ್ಲಿ ಆಶ್ಚರ್ಯವೇನಿಲ್ಲ, ಮನುಷ್ಯ ಸ್ವಭಾವವೇ ಹಾಗೆ. ಯೋಚಿಸಬೇಕಾದದ್ದು ಬೇರೆ ಎರಡು ಉತ್ತರಗಳ ಬಗ್ಗೆ. ಮಿದುಳಿನ ಸಾವು ಎಂದರೇನು ಎಂದು ಕೇಳಿದಾಗ ಅದನ್ನು ಕೋಮಾದೊಂದಿಗೆ ಬೆರೆಸಿಬಿಡುವವರು ಎಂ.ಬಿ.ಬಿ.ಎಸ್. ಓದುವವರಲ್ಲೂ ಇದ್ದಾರೆ. ಅಂಗದಾನದ ವಿಷಯ ಎಲ್ಲಿಂದ ತಿಳಿಯಿತು ಎಂದರೆ, ಪಾಠದ ಕೊಠಡಿಗಿಂತ ಮೊದಲು ಟೀವಿ, ಪತ್ರಿಕೆ, ಸಿನಿಮಾಗಳ ಹೆಸರು ಬರುತ್ತದೆ.

ಒಪ್ಪಿಗೆ ಸಾಕಷ್ಟಿದ್ದು ತಿಳಿವಳಿಕೆ ಕಡಿಮೆಯಿದ್ದರೆ ನಷ್ಟವೇನು ಎಂದು ನೀವು ಕೇಳಬಹುದು. ನಷ್ಟ ದೊಡ್ಡದೇ. ಅದನ್ನು ಹೇಳುವ ಮೊದಲು ಈ ಅಂಗವನ್ನೇ ಸ್ವಲ್ಪ ನೋಡೋಣ.

ಮೂತ್ರಪಿಂಡಗಳು ಎರಡು. ಬೆನ್ನಿನ ಕೆಳಭಾಗದಲ್ಲಿ, ಬೆನ್ನೆಲುಬಿನ ಅತ್ತ ಇತ್ತ, ಅವರೆಕಾಳಿನ ಆಕಾರದಲ್ಲಿ ಕುಳಿತಿರುತ್ತವೆ. ಒಂದೊಂದೂ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದ. ತೂಕ 150 ಗ್ರಾಂ ಆಸುಪಾಸು. ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳೆಂಬ ಸೂಕ್ಷ್ಮ ಸೋಸುನಳಿಗೆಗಳು. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದ್ದನ್ನೆಲ್ಲ ಹಿಂದಕ್ಕೆ ಹೀರಿಕೊಂಡು, ಕೊನೆಗೆ ಒಂದೂವರೆ ಎರಡು ಲೀಟರ್ ಮೂತ್ರವನ್ನಷ್ಟೇ ಹೊರಗೆ ಬಿಡುತ್ತವೆ. ರಕ್ತದೊತ್ತಡವನ್ನು ಹದದಲ್ಲಿಡುವುದು, ಕೆಂಪು ರಕ್ತಕಣಗಳ ಉತ್ಪತ್ತಿಗೆ ಪ್ರಚೋದನೆ ಕೊಡುವುದು, ಇವೂ ಅವುಗಳದೇ ಕೆಲಸ. ಬಹುಕಾಲದ ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ ಇವನ್ನು ಸದ್ದಿಲ್ಲದೆ ಹಾಳುಗೆಡಹುತ್ತವೆ. ಕಾಯಿಲೆ ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಕೆಲಸದ ಬಹುಪಾಲು ನಿಂತಿರುತ್ತದೆ.

ಪೂರ್ತಿ ನಿಂತ ಮೇಲೆ ದಾರಿ ಎರಡೇ. ಒಂದು ಡಯಾಲಿಸಿಸ್. ವಾರಕ್ಕೆ ಎರಡೋ ಮೂರೋ ಬಾರಿ, ಪ್ರತಿ ಬಾರಿಯೂ ನಾಲ್ಕು ಗಂಟೆಗಳ ಕಾಲ ಯಂತ್ರಕ್ಕೆ ತೋಳು ಒಪ್ಪಿಸಿ ಮಲಗಿರಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ, ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗ ಈ ಸೌಲಭ್ಯವಿದೆ. ಆದರೂ ಯಂತ್ರ ವಾರದ ಕೆಲವು ಗಂಟೆಗಳಲ್ಲಿ ಮಾಡುವುದನ್ನು ಮೂತ್ರಪಿಂಡ ಹಗಲಿರುಳೂ ಮಾಡುತ್ತದೆ. ಎರಡಕ್ಕೂ ಅಷ್ಟು ಅಂತರವಿದೆ. ಇನ್ನೊಂದು ದಾರಿ ಕಸಿ, ಅಂದರೆ ಬೇರೊಬ್ಬರ ಮೂತ್ರಪಿಂಡವನ್ನು ಜೋಡಿಸುವುದು. ಹೊಸದನ್ನು ಹಳೆಯದರ ಜಾಗದಲ್ಲಿ ಇಡುವುದಿಲ್ಲ ಎಂದರೆ ಅನೇಕರಿಗೆ ಅಚ್ಚರಿ. ಹಳೆಯ ಎರಡನ್ನೂ ಸಾಮಾನ್ಯವಾಗಿ ಹಾಗೆಯೇ ಬಿಟ್ಟು, ಹೊಸದನ್ನು ಕೆಳಹೊಟ್ಟೆಯ ಒಂದು ಬದಿಗೆ ಕೂಡಿಸುತ್ತಾರೆ. ರೋಗಿ ಜೀವನವಿಡೀ ದೇಹದ ಪ್ರತಿರೋಧ ತಗ್ಗಿಸುವ ಮಾತ್ರೆಗಳನ್ನು ನುಂಗುತ್ತಿರಬೇಕು.

ಜಗತ್ತಿನ ಮೊದಲ ಯಶಸ್ವಿ ಕಸಿ ನಡೆದದ್ದು 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ಡಾ. ಜೋಸೆಫ್ ಮರ್ರೆ ಅವರು ರೊನಾಲ್ಡ್ ಹೆರಿಕ್ ಎಂಬ ಯುವಕನ ಮೂತ್ರಪಿಂಡವನ್ನು ಅವನ ಅವಳಿ ಸೋದರ ರಿಚರ್ಡ್‌ನಿಗೆ ಜೋಡಿಸಿದರು. ಅವರು ತದ್ರೂಪಿ ಅವಳಿಗಳಾದ್ದರಿಂದ ದೇಹ ಅದನ್ನು ಪರಕೀಯವೆಂದು ತಳ್ಳಲಿಲ್ಲ. ರಿಚರ್ಡ್ ಇನ್ನೂ ಎಂಟು ವರ್ಷ ಬಾಳಿದ. ಒಂದೇ ಮೂತ್ರಪಿಂಡ ಉಳಿಸಿಕೊಂಡ ರೊನಾಲ್ಡ್ 2010ರವರೆಗೆ, ತನ್ನ 79ನೆಯ ವಯಸ್ಸಿನವರೆಗೆ ಬದುಕಿದ್ದ. ಡಾ. ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ದೇಶದಲ್ಲಿ ಬದುಕಿರುವ ದಾನಿಯಿಂದ ಪಡೆದ ಮೂತ್ರಪಿಂಡದ ಕಸಿ ಮೊದಲು ಯಶಸ್ವಿಯಾದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ.

ಬದುಕಿರುವವರು ಒಂದು ಮೂತ್ರಪಿಂಡ ಕೊಟ್ಟರೆ ಅವರ ಗತಿಯೇನು? ವೈದ್ಯ ವಿದ್ಯಾರ್ಥಿಗಳೂ ಇಲ್ಲಿ ಎರಡು ಅತಿಗಳಿಗೆ ಹೋಗುತ್ತಾರೆ. ‘ಏನೂ ಆಗುವುದಿಲ್ಲ’ ಎಂದು ಕೆಲವರು, ‘ಇನ್ನು ಭಾರ ಎತ್ತುವಂತಿಲ್ಲ, ಮದುವೆಯಾಗುವಂತಿಲ್ಲ’ ಎಂದು ಕೆಲವರು. ಎರಡೂ ಸರಿಯಲ್ಲ. ಉಳಿದ ಮೂತ್ರಪಿಂಡ ತುಸು ಹಿಗ್ಗಿ ಹೆಚ್ಚು ಕೆಲಸ ವಹಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದೆರಡು ತಿಂಗಳೊಳಗೆ ದಾನಿ ತನ್ನ ಎಂದಿನ ಕೆಲಸಕ್ಕೆ ಮರಳುತ್ತಾನೆ. ಆದರೆ ಅಪಾಯ ಸೊನ್ನೆಯಲ್ಲ. ಅಮೆರಿಕದ ದಾನಿಗಳ ಅಧ್ಯಯನವೊಂದರಂತೆ, ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳೊಳಗೆ ಸಾವು ಸಂಭವಿಸುವುದು 10,000 ಮಂದಿಯಲ್ಲಿ ಸುಮಾರು ಮೂವರಿಗೆ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಂತೆ, ದಾನಿಗಳಲ್ಲಿ ಜೀವಮಾನದಲ್ಲಿ ಎಂದಾದರೂ ಮೂತ್ರಪಿಂಡ ಪೂರ್ತಿ ವಿಫಲವಾಗುವ ಅಂದಾಜು 10,000ಕ್ಕೆ 90. ಅಷ್ಟೇ ಆರೋಗ್ಯವಂತರಾಗಿದ್ದೂ ದಾನ ಮಾಡದವರಲ್ಲಿ ಅದು 14. ಇವು ಸಣ್ಣ ಸಂಖ್ಯೆಗಳೇ. ಆದರೆ ದಾನಿಗೆ ಇವನ್ನು ಬಿಡಿಸಿ ಹೇಳದೆ ಸಹಿ ಹಾಕಿಸಿಕೊಂಡರೆ ಆ ಸಹಿಗೆ ಬೆಲೆಯಿಲ್ಲ.

ಈ ದಾನಿಗಳು ಯಾರು ಎಂಬುದನ್ನೂ ನೋಡಿ. ನಮ್ಮ ದೇಶದಲ್ಲಿ 2023ರಲ್ಲಿ 13,000ಕ್ಕೂ ಹೆಚ್ಚು ಮೂತ್ರಪಿಂಡ ಕಸಿಗಳು ನಡೆದವು. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಬದುಕಿರುವವರು ಕೊಟ್ಟದ್ದರಿಂದ. ಹಾಗೆ ಕೊಟ್ಟವರಲ್ಲಿ ಹೆಂಗಸರೇ ಹೆಚ್ಚು, ಪಡೆದವರಲ್ಲಿ ಗಂಡಸರೇ ಹೆಚ್ಚು. ತಾಯಿ ಮಗನಿಗೆ ಕೊಡುತ್ತಾಳೆ, ಹೆಂಡತಿ ಗಂಡನಿಗೆ ಕೊಡುತ್ತಾಳೆ. ಪ್ರೀತಿಯಿಂದಲೇ ಕೊಡುತ್ತಾರೆ, ಅದರಲ್ಲಿ ಅನುಮಾನ ಬೇಡ. ಆದರೆ ‘ದುಡಿಯುವ ಗಂಡಸಿನ ಮೈ ಕೊಯ್ಯಿಸಬಾರದು’ ಎಂದು ಮನೆಯ ಹಿರಿಯರು ಮೊದಲೇ ತೀರ್ಮಾನಿಸಿದ್ದರೆ ಸೊಸೆ ‘ಒಲ್ಲೆ’ ಎನ್ನುವುದು ಹೇಗೆ? ದಾನಿಯನ್ನು ಒಬ್ಬರನ್ನೇ ಕೂರಿಸಿ, ಮನೆಯವರನ್ನು ಹೊರಗಿಟ್ಟು ಮಾತನಾಡಬೇಕೆಂಬುದು ಇದಕ್ಕಾಗಿಯೇ. ‘ಒಲ್ಲೆ’ ಎಂದರೆ ಆಸ್ಪತ್ರೆ ಆ ಮಾತನ್ನು ಗುಟ್ಟಾಗಿಟ್ಟು, ‘ಇವರು ದಾನಕ್ಕೆ ತಕ್ಕವರಲ್ಲ’ ಎಂದಷ್ಟೇ ಹೊರಗೆ ತಿಳಿಸಬಹುದು. ಕಲಿಯುವ ವೈದ್ಯನಿಗೆ ಇದನ್ನು ಯಾರಾದರೂ ಹೇಳಿಕೊಡಬೇಕು.

ಇನ್ನು ಮಾರಾಟದ ವಿಷಯ. ಅದು ನಮ್ಮ ರಾಜ್ಯಕ್ಕೂ ಹೊಸದಲ್ಲ. 1980ರ ದಶಕದಲ್ಲಿ ಪ್ರತಿರೋಧ ತಗ್ಗಿಸುವ ಒಳ್ಳೆಯ ಔಷಧಿಗಳು ಬಂದ ಮೇಲೆ ರಕ್ತಸಂಬಂಧವಿಲ್ಲದವರ ಮೂತ್ರಪಿಂಡವೂ ನಿಲ್ಲತೊಡಗಿತು. ಬೊಂಬಾಯಿ, ಮದ್ರಾಸು, ನಮ್ಮ ಬೆಂಗಳೂರುಗಳಲ್ಲಿ ದಲ್ಲಾಳಿಗಳು ಹುಟ್ಟಿಕೊಂಡರು. ಮದ್ರಾಸಿನ ವಿಲ್ಲಿವಾಕ್ಕಂ ಪ್ರದೇಶಕ್ಕೆ ಜನ ‘ಕಿಡ್ನಿವಾಕ್ಕಂ’ ಎಂದೇ ಹೆಸರಿಟ್ಟರು. ಇದನ್ನು ತಡೆಯಲು 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯಿದೆ ಬಂತು. ಚೆನ್ನೈನಲ್ಲಿ ಮೂತ್ರಪಿಂಡ ಮಾರಿದ್ದ 305 ಮಂದಿಯನ್ನು ಸಂದರ್ಶಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ನೂರಕ್ಕೆ 96 ಮಂದಿ ಸಾಲ ತೀರಿಸಲೆಂದು ಮಾರಿದವರು. ಮಾರಿದ ಮೇಲೂ ನೂರಕ್ಕೆ 74 ಮಂದಿಯ ತಲೆಯ ಮೇಲೆ ಸಾಲ ಹಾಗೆಯೇ ಇತ್ತು. ಕುಟುಂಬದ ವರಮಾನ ಸರಾಸರಿ ಮೂರನೆಯ ಒಂದು ಭಾಗ ಇಳಿದಿತ್ತು. ‘ಬಡವ ತನ್ನ ಇಷ್ಟದಿಂದ ಮಾರಿದರೆ ತಪ್ಪೇನು?’ ಎಂದು ಚರ್ಚಾಸ್ಪರ್ಧೆಗಳಲ್ಲಿ ಜಾಣತನದಿಂದ ವಾದಿಸುವ ವಿದ್ಯಾರ್ಥಿಗಳಿದ್ದಾರೆ. ಅವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು. 2011ರ ತಿದ್ದುಪಡಿಯ ನಂತರ ಅಂಗ ವ್ಯಾಪಾರಕ್ಕೆ 5ರಿಂದ 10 ವರ್ಷ ಸೆರೆವಾಸ, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ.

ಬದುಕಿರುವವರ ಮೈ ಕೊಯ್ಯದೆಯೇ ಮೂತ್ರಪಿಂಡ ಸಿಗುವ ದಾರಿಯೊಂದಿದೆ. ಅದು ಮೃತರಿಂದ ಪಡೆಯುವುದು. 2023ರಲ್ಲಿ ಭಾರತದ ರಸ್ತೆಗಳ ಮೇಲೆ ಸತ್ತವರು 1 ಲಕ್ಷ 70 ಸಾವಿರಕ್ಕೂ ಹೆಚ್ಚು. ಅವರೆಲ್ಲರೂ ದಾನಿಗಳಾಗಲು ಸಾಧ್ಯವಿರಲಿಲ್ಲ, ನಿಜ. ಅನೇಕರು ಸ್ಥಳದಲ್ಲೇ ಪ್ರಾಣ ಬಿಡುತ್ತಾರೆ. ಆದರೂ ಅದೇ ವರ್ಷ ಇಡೀ ದೇಶದಲ್ಲಿ ಮರಣಾನಂತರ ಅಂಗದಾನ ಮಾಡಿದವರ ಸಂಖ್ಯೆ 1,099. ಮೊದಲ ಬಾರಿಗೆ ಸಾವಿರ ದಾಟಿತೆಂದು ಸಂತೋಷಪಟ್ಟ ವರ್ಷ ಅದು! ಹತ್ತು ಲಕ್ಷ ಜನಸಂಖ್ಯೆಗೆ ಲೆಕ್ಕ ಹಾಕಿದರೆ ನಮ್ಮಲ್ಲಿ ಒಬ್ಬ ದಾನಿಯೂ ಇಲ್ಲ. ಸ್ಪೇನ್ ದೇಶದಲ್ಲಿ 40ಕ್ಕೂ ಹೆಚ್ಚು.

ಕನ್ನಡಿಗರಿಗೆ ನೇತ್ರದಾನ ಹೊಸ ಮಾತಲ್ಲ. 2006ರಲ್ಲಿ ಡಾ. ರಾಜಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜಕುಮಾರ್ ಅವರ ಕಣ್ಣುಗಳೂ ದಾನವಾದವು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಊರೂರುಗಳಲ್ಲಿ ಜನ ಮುಂದೆ ಬಂದದ್ದು ನಿಮಗೆ ನೆನಪಿರಬಹುದು. ಅದೇ ವರ್ಷದ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡರು. ಅವರ ಮನೆಯವರು ಮೂತ್ರಪಿಂಡಗಳೂ ಸೇರಿದಂತೆ ಹಲವು ಅಂಗಗಳನ್ನು ದಾನ ಮಾಡಿದರು. ಈಗ ನಿಮಗೊಂದು ಪ್ರಶ್ನೆ. ಒಬ್ಬರಿಂದ ಕಣ್ಣು ಮಾತ್ರ, ಇನ್ನೊಬ್ಬರಿಂದ ಮೂತ್ರಪಿಂಡವೂ ದಾನವಾದದ್ದು ಏಕೆ?

ಉತ್ತರ ರಕ್ತದ ಹರಿವಿನಲ್ಲಿದೆ. ಕಣ್ಣಿನ ಕಾರ್ನಿಯಾ ರಕ್ತನಾಳಗಳಿಲ್ಲದ ಪಾರದರ್ಶಕ ಪೊರೆ. ಹೃದಯ ನಿಂತು ಸುಮಾರು ಆರು ಗಂಟೆಗಳವರೆಗೂ ಅದನ್ನು ತೆಗೆದು ಬಳಸಬಹುದು. ಮೂತ್ರಪಿಂಡ ಹಾಗಲ್ಲ. ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಕೆಡತೊಡಗುತ್ತದೆ. ಹೃದಯಾಘಾತದಿಂದ ಎಲ್ಲವೂ ಒಟ್ಟಿಗೆ ನಿಂತುಹೋದಾಗ ಅದು ಸಾಮಾನ್ಯವಾಗಿ ದಕ್ಕುವುದಿಲ್ಲ. ಮಿದುಳು ಸತ್ತು, ವೆಂಟಿಲೇಟರ್ ಯಂತ್ರದ ನೆರವಿನಿಂದ ಹೃದಯ ಇನ್ನೂ ಬಡಿಯುತ್ತಿರುವ ಕೆಲವು ಗಂಟೆಗಳಲ್ಲಿ ಮಾತ್ರ ದಕ್ಕುತ್ತದೆ. ತೆಗೆದ ಮೇಲೆ ತಂಪಿನಲ್ಲಿಟ್ಟರೆ ಒಂದು ದಿನದವರೆಗೂ ಕಾಪಾಡಬಹುದು. ತೆಗೆಯುವ ಅವಕಾಶ ಮಾತ್ರ ಅಷ್ಟು ಇಕ್ಕಟ್ಟಿನದು.

ಮಿದುಳಿನ ಸಾವು ಎಂದರೇನು ಎಂಬುದನ್ನು ವೈದ್ಯ ವಿದ್ಯಾರ್ಥಿ ಬೆರಳ ತುದಿಯಲ್ಲಿಟ್ಟುಕೊಂಡಿರಬೇಕು ಎನ್ನುವುದು ಈ ಕಾರಣಕ್ಕೆ. ನೀವೂ ತಿಳಿದುಕೊಳ್ಳಿ, ಕಷ್ಟವೇನಿಲ್ಲ. ತಲೆಗೆ ಬಲವಾದ ಪೆಟ್ಟಾದಾಗ ಅಥವಾ ಒಳಗೆ ರಕ್ತಸ್ರಾವವಾದಾಗ ಮಿದುಳು ಊದಿಕೊಳ್ಳುತ್ತದೆ. ಸುತ್ತ ಗಟ್ಟಿ ತಲೆಬುರುಡೆ. ಊದಲು ಜಾಗವಿಲ್ಲ. ಒತ್ತಡ ಏರಿ ಏರಿ ಕೊನೆಗೆ ಮಿದುಳಿಗೆ ರಕ್ತ ಹೋಗುವುದೇ ನಿಲ್ಲುತ್ತದೆ. ಮಿದುಳಿನ ಕಾಂಡವೂ, ಅದರಲ್ಲಿರುವ ಉಸಿರಾಟದ ಕೇಂದ್ರವೂ ಸಾಯುತ್ತವೆ. ಇನ್ನೆಂದೂ ಆ ವ್ಯಕ್ತಿ ತಾನಾಗಿ ಒಂದು ಉಸಿರೂ ಎಳೆಯಲಾರ. ಯಂತ್ರ ಗಾಳಿ ಊದುತ್ತಿರುವುದರಿಂದ ಎದೆ ಏರಿಳಿಯುತ್ತದೆ, ಅಷ್ಟೆ.

‘ಹಾಗಾದರೆ ಹೃದಯ ಏಕೆ ಬಡಿಯುತ್ತದೆ?’ ಈ ಪ್ರಶ್ನೆಗೆ ಉತ್ತರ ನಿಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿದೆ. ಹಿಂದೆ ಪಿ.ಯು.ಸಿ. ಪ್ರಯೋಗಶಾಲೆಗಳಲ್ಲಿ ಕಪ್ಪೆಯನ್ನು ಕೊಯ್ಯುತ್ತಿದ್ದ ಕಾಲವಿತ್ತು. ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನ ದ್ರಾವಣದಲ್ಲಿಟ್ಟರೂ ಅದು ಬಹಳ ಹೊತ್ತು ಮಿಡಿಯುತ್ತಿತ್ತು. ಹೃದಯಕ್ಕೆ ತನ್ನದೇ ಮಿಡಿತದ ಗಂಟು ಇದೆ, ಮಿದುಳಿನ ಅಪ್ಪಣೆಗೆ ಅದು ಕಾಯುವುದಿಲ್ಲ. ಆಮ್ಲಜನಕ ಸಿಗುವವರೆಗೆ ಬಡಿಯುತ್ತದೆ. ಮಿದುಳು ಸತ್ತ ಮೇಲೆ, ಯಂತ್ರವಿದ್ದರೂ, ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಅಥವಾ ಕೆಲವು ದಿನಗಳಲ್ಲಿ ಅದೂ ನಿಲ್ಲುತ್ತದೆ.

ಕೋಮಾ ಇದಲ್ಲ. ಕೋಮಾದಲ್ಲಿ ಪ್ರಜ್ಞೆಯಿಲ್ಲ, ಆದರೆ ಮಿದುಳು ಬದುಕಿದೆ. ಎಚ್ಚೆತ್ತವರೂ ಇದ್ದಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದವರಾದ ಅರುಣಾ ಶಾನಭಾಗ ಅವರನ್ನು ನೆನೆಯಿರಿ. ಮುಂಬಯಿಯ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದ ಅವರ ಮೇಲೆ 1973ರಲ್ಲಿ ಕ್ರೂರ ಹಲ್ಲೆ ನಡೆಯಿತು. 2015ರಲ್ಲಿ ತೀರಿಕೊಳ್ಳುವವರೆಗೆ, 42 ವರ್ಷ ಅವರು ಅರಿವಿಲ್ಲದ ಸ್ಥಿತಿಯಲ್ಲಿ ಹಾಸಿಗೆಯಲ್ಲಿದ್ದರು. ಆದರೆ ಉಸಿರಾಟ ಅವರದೇ ಆಗಿತ್ತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ, ಅವರ ಮಿದುಳು ಸತ್ತಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಅವರದು ಮಿದುಳಿನ ಸಾವೂ ಅಲ್ಲ, ಅಂಥವರಿಂದ ಯಾರೂ ಅಂಗ ಕೇಳುವುದೂ ಇಲ್ಲ. ಈ ಭೇದ ತಿಳಿಯದ ಹೌಸ್ ಸರ್ಜನ್ ‘ನನಗೆ ಗೊತ್ತಿರುವ ಒಬ್ಬರು ಹೀಗೇ ಇದ್ದು ಎದ್ದು ಕುಳಿತರು’ ಎಂದು ಬಂಧುಗಳಿಗೆ ಹೇಳಿಬಿಟ್ಟರೆ, ಆಮೇಲೆ ನುರಿತ ತಜ್ಞರು ಬಂದು ಎಷ್ಟು ವಿವರಿಸಿದರೂ ಪ್ರಯೋಜನವಿಲ್ಲ.

ಮಿದುಳಿನ ಸಾವನ್ನು ಒಬ್ಬ ವೈದ್ಯ ಒಂದು ನೋಟದಲ್ಲಿ ಘೋಷಿಸುವುದಿಲ್ಲ. ಕಾನೂನಿನ ಪ್ರಕಾರ ನಾಲ್ವರು ವೈದ್ಯರ ಮಂಡಲಿ ಬೇಕು. ಕಸಿ ಮಾಡುವ ತಂಡದವರು ಅದರಲ್ಲಿ ಇರುವಂತಿಲ್ಲ. ಕಣ್ಣಿನ ಪಾಪೆಗೆ ಬೆಳಕು ಬಿಡುತ್ತಾರೆ, ಕಾರ್ನಿಯಾವನ್ನು ಹತ್ತಿಯ ಎಳೆಯಿಂದ ಮುಟ್ಟುತ್ತಾರೆ, ಕಿವಿಗೆ ತಣ್ಣೀರು ಹಾಯಿಸಿ ಕಣ್ಣು ಗುಡ್ಡೆ ಅಲುಗುವುದೇ ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯ ಕೊನೆಯ ಉಸಿರಾಟದ ಪರೀಕ್ಷೆ. ನೀವು ಉಸಿರು ಬಿಗಿಹಿಡಿದು ನೋಡಿ. ಒಂದು ನಿಮಿಷದೊಳಗೆ ತಡೆಯಲಾಗದೆ ಬಾಯಿ ತೆರೆಯುತ್ತೀರಿ. ರಕ್ತದಲ್ಲಿ ಹೆಚ್ಚಿದ ಇಂಗಾಲದ ಡೈಆಕ್ಸೈಡ್ ಮಿದುಳಿನ ಕಾಂಡವನ್ನು ಚುಚ್ಚಿ ಎಬ್ಬಿಸುವುದೇ ಅದಕ್ಕೆ ಕಾರಣ. ಈ ಪರೀಕ್ಷೆಯಲ್ಲಿ ವೆಂಟಿಲೇಟರನ್ನು ಬೇರ್ಪಡಿಸಿ, ನಳಿಗೆಯಿಂದ ಆಮ್ಲಜನಕ ಮಾತ್ರ ಹರಿಸುತ್ತ ನಿಮಿಷಗಟ್ಟಲೆ ಕಾಯುತ್ತಾರೆ. ಆ ಅನಿಲದ ಒತ್ತಡ 60 ಮಿಲಿಮೀಟರ್ ಪಾದರಸದ ಮಟ್ಟ ಮುಟ್ಟಿದರೂ ಎದೆ ಒಮ್ಮೆಯೂ ಏಳದಿದ್ದರೆ ಕಾಂಡ ಸತ್ತಿದೆ ಎಂದರ್ಥ. ಕನಿಷ್ಠ ಆರು ಗಂಟೆ ಬಿಟ್ಟು ಇದೆಲ್ಲವನ್ನೂ ಮತ್ತೊಮ್ಮೆ ಮಾಡಬೇಕು. ಎರಡನೆಯ ಬಾರಿಯೂ ಅದೇ ಫಲ ಬಂದರೆ ಮಾತ್ರ ಮರಣದ ಪ್ರಮಾಣಪತ್ರ.

ಇಲ್ಲಿ ನಮ್ಮ ಭಾಷೆಯ ಬಗ್ಗೆ ಒಂದು ಮಾತು. ಕನ್ನಡ ಪತ್ರಿಕೆಗಳಲ್ಲಿ, ಆಸ್ಪತ್ರೆಗಳಲ್ಲಿ ಇದಕ್ಕೆ ‘ಮಿದುಳು ನಿಷ್ಕ್ರಿಯ’ ಎಂಬ ಮಾತು ರೂಢಿಯಾಗಿದೆ. ಸಾವು ಎಂಬ ಶಬ್ದ ಕಿವಿಗೆ ಕಠೋರವೆಂದು ಯಾರೋ ದಾಕ್ಷಿಣ್ಯದಿಂದ ಬಳಸಿದ್ದಿರಬೇಕು. ಆದರೆ ನಿಷ್ಕ್ರಿಯವಾದದ್ದು ಮತ್ತೆ ಸಕ್ರಿಯವಾಗಬಹುದಲ್ಲ! ಬ್ಯಾಂಕಿನ ಖಾತೆ ನಿಷ್ಕ್ರಿಯವಾಗುತ್ತದೆ, ಅರ್ಜಿ ಕೊಟ್ಟರೆ ಮತ್ತೆ ಚಾಲೂ ಆಗುತ್ತದೆ. ಬೆಂಚಿನ ಮೇಲೆ ಕುಳಿತ ತಂದೆಗೆ ‘ನಿಮ್ಮ ಮಗನ ಮಿದುಳು ನಿಷ್ಕ್ರಿಯವಾಗಿದೆ’ ಎಂದರೆ ಅವರು ಸಹಜವಾಗಿಯೇ ‘ಸರಿ ಡಾಕ್ಟ್ರೇ, ಯಾವಾಗ ಸರಿಹೋಗುತ್ತೆ?’ ಎಂದು ಕೇಳುತ್ತಾರೆ. ಅದರ ಬೆನ್ನಿಗೇ ‘ಮೂತ್ರಪಿಂಡ ದಾನ ಮಾಡುತ್ತೀರಾ?’ ಎಂದರೆ, ಬದುಕಿರುವ ಮಗನನ್ನು ಕೊಯ್ಯಲು ಕೇಳುತ್ತಿದ್ದಾರೆ ಎಂದು ತಾನೇ ಅವರಿಗೆ ಅನ್ನಿಸುವುದು? ‘ಯಂತ್ರದಿಂದ ಜೀವ ಹಿಡಿದಿಟ್ಟಿದ್ದೇವೆ’ ಎಂಬ ಮಾತೂ ಇಂಥದ್ದೇ. ಜೀವ ಹಿಡಿದಿಟ್ಟಿದ್ದರೆ ಬಿಡುವುದೇಕೆ? ‘ನಿಮ್ಮ ಮಗ ತೀರಿಕೊಂಡಿದ್ದಾನೆ. ಎದೆ ಆಡುತ್ತಿರುವುದು ಯಂತ್ರದಿಂದ’ ಎಂದು ಹೇಳಲು ಎದೆಗಾರಿಕೆ ಬೇಕು. ಹೇಳಿ, ಸುಮ್ಮನಾಗಿ, ಅವರು ಅಳುವವರೆಗೆ ಪಕ್ಕದಲ್ಲಿ ಕೂರಬೇಕು. ದಾನದ ಮಾತು ಆಮೇಲಿನದು, ಅದೂ ಬೇರೆಯೇ ಹೊತ್ತಿನಲ್ಲಿ.

ಸ್ಪೇನ್ ದೇಶ ಮುಂದೆ ಬಂದದ್ದು ಈ ಕೆಲಸವನ್ನು ಕಲಿತೇ. ಅಲ್ಲಿ 1979ರಲ್ಲೇ ಕಾನೂನು ಬಂದಿತ್ತು. ಆದರೂ ಹತ್ತು ವರ್ಷ ಕಳೆದು 1989ರಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಹುಟ್ಟುವ ಹೊತ್ತಿಗೆ ಹತ್ತು ಲಕ್ಷಕ್ಕೆ ಸುಮಾರು 14 ದಾನಿಗಳಷ್ಟೇ ಇದ್ದರು. ಆಸ್ಪತ್ರೆ ಆಸ್ಪತ್ರೆಯಲ್ಲೂ ತರಬೇತಾದ ವೈದ್ಯ ಸಂಯೋಜಕರನ್ನು ನೇಮಿಸಿ, ಸಾವಿನ ಸುದ್ದಿ ಹೇಳುವುದನ್ನೂ ದಾನದ ಮಾತು ಎತ್ತುವುದನ್ನೂ ಒಂದು ವಿದ್ಯೆಯಾಗಿ ಕಲಿಸಿದ ಮೇಲೆಯೇ ಅಂಕಿ ಏರಿದ್ದು. ಇಂದಿಗೂ ಅಲ್ಲಿ ಮನೆಯವರನ್ನು ಕೇಳದೆ ಅಂಗ ತೆಗೆಯುವುದಿಲ್ಲ.

ನಮ್ಮಲ್ಲೂ ಏರ್ಪಾಡು ಇಲ್ಲದಿಲ್ಲ. ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಎಂಬ ಸಂಸ್ಥೆ ಮೃತರ ಅಂಗಗಳನ್ನು ಕಾಯುವವರ ಪಟ್ಟಿಯ ಕ್ರಮದಲ್ಲಿ ಹಂಚುವ ವ್ಯವಸ್ಥೆ ನಡೆಸುತ್ತಿದೆ. ಅಂಗ ಯಾರಿಗೆ ಸಲ್ಲಬೇಕೆಂದು ದಾನಿಯ ಮನೆಯವರಾಗಲಿ, ತಜ್ಞ ವೈದ್ಯರಾಗಲಿ ತಮಗೆ ಬೇಕಾದಂತೆ ತೀರ್ಮಾನಿಸುವಂತಿಲ್ಲ. 2019ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಅಂಗದಾನದ ಕಾನೂನು, ನೀತಿಗಳ ಜೊತೆಗೆ ಬಂಧುಗಳೊಡನೆ ಮಾತನಾಡುವ ಅಭ್ಯಾಸವೂ ಸೇರಿದೆ. ತರಗತಿಯಲ್ಲಿ ಒಬ್ಬ ವೈದ್ಯನಾಗುತ್ತಾನೆ, ಇನ್ನೊಬ್ಬಳು ತಾಯಿಯಾಗುತ್ತಾಳೆ. ನಾಟಕ ಎಂದು ನಗುತ್ತ ಶುರು ಮಾಡುತ್ತಾರೆ. ತಾಯಿಯ ಪಾತ್ರದ ಹುಡುಗಿ ‘ಎದೆ ಬಡೀತಾ ಇದೆಯಲ್ಲ ಡಾಕ್ಟ್ರೇ, ಕೈ ಬೆಚ್ಚಗಿದೆಯಲ್ಲ?’ ಎಂದ ಕೂಡಲೇ ನಗು ನಿಲ್ಲುತ್ತದೆ. ಮೊದಲ ಶ್ರೇಣಿಯ ವಿದ್ಯಾರ್ಥಿಗಳೂ ತಡವರಿಸುವುದು ಇಲ್ಲೇ. ಪರೀಕ್ಷೆಯ ಉತ್ತರವನ್ನು ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆದಿರುತ್ತಾರೆ. ಅದನ್ನೇ ಚಳ್ಳಕೆರೆಯ ಕಡೆಯ ತಾಯಿಗೆ ಕನ್ನಡದಲ್ಲಿ ಹೇಳು ಎಂದರೆ ಮಾತು ಹೊರಡುವುದಿಲ್ಲ. ಈ ಅಭ್ಯಾಸ ಒಂದು ಗಂಟೆಗೆ ಮುಗಿದುಹೋಗುವ ಕಾಲೇಜುಗಳೇ ಹೆಚ್ಚು ಎಂಬುದು ನನ್ನ ಅನಿಸಿಕೆ. ಐದಾರು ಬಾರಿಯಾದರೂ ಆಗಬೇಕು.

ಮನೋಭಾವದ ಬಗ್ಗೆ ಹೇಳುವಾಗ ನಮ್ಮ ಉಪನ್ಯಾಸಕರು ದಧೀಚಿ, ಶಿಬಿ, ಬೇಡರ ಕಣ್ಣಪ್ಪರನ್ನು ತಪ್ಪದೆ ತರುತ್ತಾರೆ. ರಾಜಕುಮಾರ್ ನಾಯಕರಾಗಿ ನಟಿಸಿದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ ಬಿಡುಗಡೆಯಾದದ್ದು ಬಾಸ್ಟನ್ನಿನ ಆ ಕಸಿ ನಡೆದ 1954ರಲ್ಲೇ ಎಂಬುದು ಒಂದು ಮೋಜಿನ ಆಕಸ್ಮಿಕ. ಕಥೆಗಳು ಸೊಗಸಾಗಿವೆ, ಆದರೆ ಈ ಸಂದರ್ಭಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ದಧೀಚಿ ಪ್ರಾಣವನ್ನೇ ಕೊಟ್ಟ, ಕಣ್ಣಪ್ಪ ಬದುಕಿರುವಾಗಲೇ ಕಣ್ಣು ಕಿತ್ತ. ಅದು ವೀರರ ಕೆಲಸ. ಮೃತರ ಮೂತ್ರಪಿಂಡ ದಾನದಲ್ಲಿ ಸತ್ತವರಿಗೆ ಯಾವ ನೋವೂ ಇಲ್ಲ, ನಷ್ಟವೂ ಇಲ್ಲ. ‘ನಾನು ಅಂಥ ತ್ಯಾಗಿಯಲ್ಲ’ ಎಂದು ವಿದ್ಯಾರ್ಥಿ ಹಿಂಜರಿಯುವುದಕ್ಕೆ ಈ ಹೋಲಿಕೆಗಳೂ ಕಾರಣವಾಗಿರಬಹುದು. ಇಲ್ಲಿ ಭಾರ ಹೊರುವವರು ಉಳಿದ ಬಂಧುಗಳು. ಅವರ ಮೇಲಿನ ಆ ಭಾರವನ್ನು ಹಗುರ ಮಾಡಲು ನಾವು ಈಗಲೇ ಒಂದು ಮಾತು ಹೇಳಿಡಬಹುದು.

ಇನ್ನೊಂದು ಭಯವಿದೆ. ‘ಕಾರ್ಡಿಗೆ ಸಹಿ ಹಾಕಿದರೆ ಡಾಕ್ಟರು ನನ್ನನ್ನು ಉಳಿಸಲು ಪೂರ್ತಿ ಪ್ರಯತ್ನ ಮಾಡುವುದಿಲ್ಲ.’ ಜನಸಾಮಾನ್ಯರು ಹೀಗೆಂದರೆ ಅರ್ಥವಾಗುತ್ತದೆ, ವೈದ್ಯ ವಿದ್ಯಾರ್ಥಿಗಳೂ ಕೆಲವರು ಹೀಗೆನ್ನುತ್ತಾರೆ. ಹಗರಣಗಳ ಸುದ್ದಿ ಓದಿದವರನ್ನು ಇದಕ್ಕೆ ಬೈದು ಪ್ರಯೋಜನವಿಲ್ಲ. ಚಿಕಿತ್ಸೆ ಕೊಡುವ ತಂಡ ಬೇರೆ, ಕಸಿಯ ತಂಡ ಬೇರೆ, ನಾಲ್ವರ ಸಹಿ, ಆರು ಗಂಟೆಯ ಅಂತರ, ಇವನ್ನೆಲ್ಲ ಕಾನೂನು ಇಟ್ಟಿರುವುದೇ ಆ ಅನುಮಾನಕ್ಕೆ ಗೌರವ ಕೊಟ್ಟು. ಬಂಧುಗಳು ಈ ವಿವರಗಳನ್ನು ಕೇಳಿ ಪಡೆಯಬಹುದು. ಕೇಳಿದವರ ಮೇಲೆ ರೇಗದೆ ಉತ್ತರ ಕೊಡುವ ವೈದ್ಯರು ಬೇಕು.

ಕೊನೆಯದಾಗಿ ನಿಮ್ಮ ಕೈಲಾಗುವ ವಿಷಯ. ಹದಿನೆಂಟು ತುಂಬದವರು ಅಂಗದಾನದ ಪ್ರತಿಜ್ಞಾಪತ್ರ ಬರೆಯುವಂತಿಲ್ಲ. ತುಂಬಿದವರು ಬರೆಯಬಹುದು. ಅದನ್ನು ಅಂತರ್ಜಾಲದಲ್ಲಿ ನೋಂದಾಯಿಸುವ ಸೌಕರ್ಯವೂ ಇದೆ. ಆದರೆ ಕಾರ್ಡು ಪರ್ಸಿನಲ್ಲಿದ್ದರೂ ಆ ಹೊತ್ತಿನಲ್ಲಿ ವೈದ್ಯರು ಕೇಳುವುದು ಮನೆಯವರನ್ನೇ, ಅವರು ಒಪ್ಪದೆ ಮುಂದುವರಿಯುವುದಿಲ್ಲ. ಹಾಗಾಗಿ ಕಾರ್ಡಿಗಿಂತ ಮೊದಲು ಮನೆಯವರ ಕಿವಿಗೆ ಮಾತು ಬಿದ್ದಿರಬೇಕು. ಊಟದ ಹೊತ್ತಿನಲ್ಲಿ ‘ನನಗೇನಾದರೂ ಆದರೆ...’ ಎಂದು ಶುರು ಮಾಡಿದರೆ ಅಜ್ಜಿ ‘ಬಿಡ್ತು ಅನ್ನು’ ಎನ್ನುತ್ತಾರೆ. ಬಿಡ್ತು ಅನ್ನಿ. ಆಮೇಲೆ ಅಪ್ಪನನ್ನೋ ಅಮ್ಮನನ್ನೋ ಅವರ ಇಷ್ಟವೇನೆಂದು ಕೇಳಿ. ಅಪ್ಪ ತಟ್ಟೆಯಿಂದ ಮುಖ ಎತ್ತದೆ ‘ಅದೇನೋ ಮಿದುಳು ನಿಷ್ಕ್ರಿಯ ಅಂತಾರಲ್ಲ, ಅದು ಕೋಮಾ ತಾನೇ?’ ಎಂದರೆ, ಕಪ್ಪೆಯ ಹೃದಯದಿಂದ ಶುರು ಮಾಡಿ.